ಶ್ರೀಮತಿ ತಿರುಮಲೇಶ್ ಹೇಳಿದ ರಾಣಿಯ ಕತೆ

ವಿಕ್ರೋಳಿಯ ಆ ಕನ್ನಡ ಸಂಘದಲ್ಲಿ ಅಧ್ಯಕ್ಷ ಯಾರೋ ಅವರ ಹೆಂಡತಿಯೇ ಮಹಿಳಾ ವಿಭಾಗದ ಅಧ್ಯಕ್ಷೆ. ಚುನಾವಣೆಯಿಲ್ಲ, ಚರ್ಚೆಯಿಲ್ಲ, ಸೀರೆಯ ಜೊತೆ ರವಿಕೆ ಕಣ ಬಂದ ಹಾಗೆ ಕುರ್ಚಿ ತಾನಾಗಿ ಬರುತ್ತದೆ. 1986ರಲ್ಲಿ ಎಂಜಿನಿಯರ್ ತಿರುಮಲೇಶ ಅಧ್ಯಕ್ಷನಾದ, ಶಾಮಲಾ ಅಧ್ಯಕ್ಷೆಯಾದಳು. ಆಮಂತ್ರಣ ಪತ್ರಿಕೆಯಲ್ಲಿ ಮಾತ್ರ ‘ಶ್ರೀಮತಿ ತಿರುಮಲೇಶ್’ ಎಂದೇ ಅಚ್ಚಾಗುತ್ತಿತ್ತು.

ಹಿಂದಿನವರೆಲ್ಲ ಅರಿಸಿನ ಕುಂಕುಮ, ರಂಗೋಲಿ ಸ್ಪರ್ಧೆ ಮಾಡಿ ಕೈ ತೊಳೆದುಕೊಂಡಿದ್ದರು. ಶಾಮಲಾ ಮೈಸೂರಿನಲ್ಲಿ ಇತಿಹಾಸದ ಎಂ.ಎ. ಮಾಡಿದವಳು, ಸುಮ್ಮನೆ ಕೂರುವ ಪೈಕಿಯಲ್ಲ. ಮಧ್ಯಾಹ್ನ ಖಾಲಿ ಬಿದ್ದಿರುತ್ತಿದ್ದ ಸಂಘದ ಕೋಣೆಯಲ್ಲಿ ಬಾಲವಾಡಿ ತೆರೆದಳು. ಪಕ್ಕದಲ್ಲಿ ಏಳುತ್ತಿದ್ದ ಬಿಲ್ಡಿಂಗಿಗೆ ಬಾದಾಮಿ ಕಡೆಯಿಂದ ಕೂಲಿಗೆ ಬಂದವರ ಮಕ್ಕಳು ಅಲ್ಲಿ ಆಡಿ, ಉಂಡು, ಮಲಗುತ್ತಿದ್ದವು. ಭಾಗವ್ವನ ಮಗಳು ಚನ್ನವ್ವನೂ ಅವರಲ್ಲಿ ಒಬ್ಬಳು. ಬಾಲವಾಡಿ ಬರುವ ತನಕ ಭಾಗವ್ವ ಹಳೇ ಸೀರೆಯಿಂದ ಮಗಳ ಸೊಂಟವನ್ನು ಕಂಬಕ್ಕೆ ಕಟ್ಟಿ ಇಟ್ಟಿಗೆ ಹೊರುತ್ತಿದ್ದಳು. ಕಟ್ಟದಿದ್ದರೆ ಮಗು ಕಬ್ಬಿಣದ ಸರಳುಗಳ ನಡುವೆ ಹೋಗುತ್ತಿತ್ತು.

ಆ ವರ್ಷದ ರಾಜ್ಯೋತ್ಸವದಲ್ಲಿ ಶಾಮಲಾ ಬಾದಾಮಿ ಚಾಲುಕ್ಯರ ವಿಜಯಭಟ್ಟಾರಿಕೆಯ ಬಗ್ಗೆ ಮಾತಾಡಿದಳು. ಗಂಡ ಚಂದ್ರಾದಿತ್ಯ ತೀರಿಕೊಂಡ ಮೇಲೆ ರಾಜ್ಯದ ಹೊಣೆ ಹೊತ್ತ ರಾಣಿ. ಕೊಂಕಣದಲ್ಲಿ ಸಿಕ್ಕ ತಾಮ್ರಪಟದಲ್ಲಿ ದಾನ ಕೊಟ್ಟದ್ದು ಅವಳು, ವರ್ಷ ಎಣಿಸಿದ್ದೂ ಅವಳ ಸ್ವಂತ ಆಳ್ವಿಕೆಯದೇ. “ಯಾರ ಮುಖವನ್ನೂ ನೋಡದೆ ಆಜ್ಞೆ ಹೊರಡಿಸಿದ ಹೆಂಗಸು!” ಎಂದಾಗ ಸಭೆ ಚಪ್ಪಾಳೆ ಹೊಡೆಯಿತು. ಹಿಂದೆ ಬಾಗಿಲ ಬಳಿ ನಿಂತಿದ್ದ ಭಾಗವ್ವ ತಮ್ಮೂರ ಕಡೆಯ ರಾಣಿಯೆಂದು ಎಲ್ಲರಿಗಿಂತ ಜೋರಾಗಿ ಹೊಡೆದಳು.

ಮುಂದಿನ ಭಾನುವಾರ ಸಮಿತಿ ಕೂತಿತು. ಕಾರ್ಖಾನೆಯ ಮೊದಲ ಪಾಳಿ ಮುಗಿಸಿ ಬರುವ ಸದಸ್ಯರಿಗೆ ಕೇರಂ ಆಡಲು ಜಾಗ ಬೇಕಂತೆ, ಬಾಲವಾಡಿ ಎತ್ತಬೇಕಂತೆ. ಶಾಮಲಾ ಹಿಂದಿನ ದಿನವೇ ತಾಯಂದಿರಿಗೆ “ನಾನಿದ್ದೀನಿ, ಹೆದರಬೇಡಿ” ಎಂದಿದ್ದಳು. ಅದನ್ನು ನಂಬಿ ಭಾಗವ್ವ ಮಗಳನ್ನು ಸೊಂಟದ ಮೇಲಿಟ್ಟುಕೊಂಡು ಹೊರಗೆ ಕಾಯುತ್ತಿದ್ದಳು.

ಕಾರ್ಯದರ್ಶಿ ನಾಣಿ ಕೇಳಿದ: “ಲೇಡೀಸ್ ವಿಂಗ್ ಏನನ್ನತ್ತೆ, ಮೇಡಂ?”

ಹೇಳಬೇಕಾದ್ದೆಲ್ಲ ಶಾಮಲಾಳ ನಾಲಿಗೆಯ ತುದಿಯಲ್ಲಿತ್ತು. ಆದರೆ ಕಣ್ಣು ತಾನಾಗಿ ಗಂಡನ ಕಡೆ ಹೊರಳಿತು. ತಿರುಮಲೇಶ ಗದರಲಿಲ್ಲ, ಹುಬ್ಬು ಕೂಡ ಏರಿಸಲಿಲ್ಲ, ಕೈಯಲ್ಲಿದ್ದ ಪೆನ್ನಿನ ಮುಚ್ಚಳ ಹಾಕಿದ. ಅಷ್ಟಕ್ಕೇ ಅವಳು ಅಂದುಬಿಟ್ಟಳು: “ನಮ್ಮನೆಯವರು ಹೇಗೆ ಹೇಳ್ತಾರೋ ಹಾಗೆ.”

“ಆದರ್ಶ ದಂಪತಿ ಅಂದ್ರೆ ಇದು!” ಎಂದು ಯಾರೋ ನಕ್ಕರು. ಅವಳೂ ನಕ್ಕಳು. ಆ ನಗುವಿಗಾಗಿ ಅವಳು ಆಮೇಲೆ ಎಷ್ಟೋ ವರ್ಷ ತನ್ನನ್ನು ತಾನೇ ಬೈದುಕೊಂಡಳು. ಬಾಲವಾಡಿ ಹೋದದ್ದಕ್ಕಿಂತ ಆ ನಗುವೇ ಹೆಚ್ಚು ಚುಚ್ಚುತ್ತಿತ್ತು.

ಹೊರಗೆ ಬಂದಾಗ ಭಾಗವ್ವ ಎದುರಿಗೇ ಇದ್ದಳು. ಬಾಗಿಲು ತೆರೆದಿತ್ತು, ಎಲ್ಲ ಕೇಳಿಸಿತ್ತು. ನಾಚಿಕೆಯಿಂದ ಶಾಮಲಾಳ ಮುಖ ಸುಟ್ಟುಹೋಯಿತು. ಈಕೆ ನಾಲ್ಕು ಮಾತು ಬೈದರೆ ಸಾಕಪ್ಪಾ ಅನ್ನಿಸಿತು.

ಭಾಗವ್ವ ಬೈಯಲಿಲ್ಲ, ಸಮಾಧಾನ ಮಾಡಿದಳು. “ಯಾಕ್ರೀ ಅಕ್ಕಾರ, ಇಷ್ಟ್ಯಾಕ ಮನಸಿಗೆ ಹಚ್ಚಗೋತೀರಿ? ಆ ರಾಣಿಗಿ ಗಂಡ ಇರಲಿಲ್ಲ, ನೀವ ಹೇಳಿದ್ರಲ್ರೀ. ನಿಮಗ ಸಾಹೇಬ್ರು ಅದಾರ. ಗಂಡ ಇದ್ದಾಕಿ ಏನ್ ಮಾಡಬೇಕ್ರೀ?”

ಭಾಗವ್ವ ತೂಕಡಿಸುತ್ತಿದ್ದ ಮಗಳನ್ನು ಇನ್ನೊಂದು ಮಗ್ಗುಲಿಗೆ ಬದಲಾಯಿಸಿಕೊಂಡು ಕೇಳಿದಳು: “ನಿಮ್ಮಲ್ಲಿ ಒಂದ್ ಹಳೇ ಸೀರಿ ಇದ್ರ ಕೊಡ್ರೀ ಅಕ್ಕಾರ. ನಂದು ಹರದೈತಿ, ಕಟ್ಟಿದ್ರ ಈಕಿ ಈಗ ಜಗ್ಗಿ ಬಿಡಿಸ್ಕೋತಾಳ.”

ಶಾಮಲಾ ಮನೆಗೆ ಹೋಗಿ ಬೀರು ತೆರೆದು, ಇದ್ದುದರಲ್ಲಿ ಗಟ್ಟಿಯಾದ ಸೀರೆಯೊಂದನ್ನು ಹುಡುಕಿದಳು.