ಪುಸ್ತಕದಲ್ಲಿದ್ದ ಮುನ್ನೂರು ರೂಪಾಯಿ

ಕನ್ನಡ ಓದೋಕೆ ನನಗೆ ಬರೋದಿಲ್ಲ. ಮಾತಾಡೋಕೆ ಮಾತ್ರ ನಾನು ಯಾರಿಗೂ ಕಮ್ಮಿ ಇಲ್ಲ. ಅದಕ್ಕೇ ನಾನು ಹೇಳ್ತಾ ಹೋಗ್ತೀನಿ, ಮೈಸೂರು ಕಡೆ ಓದಿದ ನನ್ನ ಮೊಮ್ಮಗಳು ಬರ್ಕೊಳ್ತಾಳೆ. ತಿದ್ದಬಾರದು ಅಂತ ಮೊದಲೇ ಹೇಳಿದ್ದೀನಿ.

ಕೊಯಮತ್ತೂರು ಪಕ್ಕದ ಕರುಮತ್ತಂಪಟ್ಟಿಗೆ ಸೊಸೆಯಾಗಿ ಬಂದಾಗ ನನಗೆ ಹದಿನೆಂಟು. ತಮಿಳು ಸೀಮೆಯಾದರೂ ನಮ್ಮ ನೇಕಾರರ ಬೀದೀಲಿ ಮನೆಮಾತು ಕನ್ನಡವೇ. ಮನೇಲಿ ಆರು ಮಗ್ಗ. ಮಾವ ತೀರಿಕೊಂಡು ವರ್ಷಗಳಾಗಿತ್ತು, ಅವರು ಬಿಟ್ಟುಹೋದ ಸಾಲವನ್ನು ಅತ್ತೆಯೇ ಹಲ್ಲು ಕಚ್ಚಿ ತೀರಿಸಿದ್ದರು. ನೂಲು ತರಿಸೋದು, ಕೂಲಿ ಕೊಡೋದು, ಸೀರೆ ಎಣಿಸೋದು, ಎಲ್ಲ ಅವರದೇ. ಅವರಿಗೆ ಒಂದಕ್ಷರವೂ ಬರುತ್ತಿರಲಿಲ್ಲ. ನಾನೋ ತಮಿಳು ಇಸ್ಕೂಲಿನಲ್ಲಿ ಐದನೇ ಕ್ಲಾಸು, ಇಂಗ್ಲಿಷ್ ಅಂಕಿ ಬೇರೆ ಗೊತ್ತು. ಜಂಬ ಇರಲಿಲ್ಲ ಅಂದ್ರೆ ಸುಳ್ಳಾಗುತ್ತೆ. ಅತ್ತೆ ಅದನ್ನು ಕಂಡಿದ್ದರು. ‘ಓದಿದ ಸೊಸೆ, ಮುದ್ದೆಗೆ ಉಪ್ಪು ಹಾಕಿದ್ಯಾ?’ ಅಂತ ದಿನಾ ಚುಚ್ಚೋರು.

ಆ ವರ್ಷ ನಮ್ಮ ಯಜಮಾನರು ಕೊಯಮತ್ತೂರಿನ ಒಂದು ಬ್ಯಾಂಕಿನಲ್ಲಿ ತೊಂಬತ್ತು ರೂಪಾಯಿ ಹಾಕಿ ಲೆಕ್ಕ ತೆರೆದಿದ್ದರು. ಅದುವರೆಗೆ ಮದುರೆಯ ಜವಳಿ ಸಾಹುಕಾರರು ಸೀರೆಗೆ ರೊಕ್ಕ ಕೊಟ್ಟು ಕಳಿಸೋರು. ದೀಪಾವಳಿಗೆ ಎರಡು ತಿಂಗಳಿರುವಾಗ ಮೊದಲ ಸಲ ಚೆಕ್ಕು ಬಂತು, ಮುನ್ನೂರು ರೂಪಾಯಿಗೆ. ಸೀಸನ್ನಿನ ಮೊದಲ ದುಡ್ಡು ಶುಕ್ರವಾರದವರೆಗೆ ದೇವರ ಮುಂದೆ ಇರಬೇಕು, ಅರಿಶಿನ ಕುಂಕುಮ ಹಚ್ಚಬೇಕು, ಆಮೇಲೇ ಹೊರಗೆ ಹೋಗಬೇಕು. ನಮ್ಮ ಮನೆ ಪದ್ಧತಿ. ಬೆಳ್ಳಿ ರೂಪಾಯಿಗೆ ಅರಿಶಿನ ಬಳಿದರೆ ಏನಂತೆ, ತೊಳೆದರೆ ಹೋಯ್ತು. ಅತ್ತೆ ಚೆಕ್ಕಿಗೂ ನಾಲ್ಕು ಮೂಲೆಗೆ ಅರಿಶಿನ ಬಳಿದರು. ಒದ್ದೆ ಅರಿಶಿನ. ನಾನೇ ಕಲಸಿಕೊಟ್ಟೆ ಮಾರಾಯ್ತಿ!

ಶನಿವಾರ ಯಜಮಾನರು ಅದನ್ನು ಬ್ಯಾಂಕಿಗೆ ಹಾಕಿ ಪಾಸ್‌ಬುಕ್ಕು ತಂದರು. ಸೋಮವಾರ ಅತ್ತೆ ಪುಸ್ತಕ ನನ್ನ ಮುಂದಿಟ್ಟು, ‘ಎಷ್ಟಿದೆ ನೋಡು ಅಮ್ಮಣಿ’ ಅಂದರು. ಕಡೇ ಸಾಲಿನಲ್ಲಿ ದಪ್ಪಕ್ಕೆ ಮುನ್ನೂರ ತೊಂಬತ್ತು ಅಂತಿತ್ತು. ಅದರ ಪಕ್ಕ ಇಂಗ್ಲಿಷಿನಲ್ಲಿ ಏನೋ ಸಣ್ಣಗೆ ಗೀಚಿದ್ದರು. ಅಂಕಿ ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಬರೋದಿಲ್ಲ ಅಂತ ಹೇಳೋಕೆ ಬಾಯಿ ಬರಲಿಲ್ಲ. ‘ಮುನ್ನೂರ ತೊಂಬತ್ತು’ ಅಂತ ಗಟ್ಟಿಯಾಗಿ ಓದಿದೆ. ಅದನ್ನು ನಂಬಿ ಯಜಮಾನರು ನೂಲಿನ ಅಂಗಡಿಗೆ ಮುನ್ನೂರಕ್ಕೆ ಚೆಕ್ಕು ಬರೆದುಕೊಟ್ಟು, ಸೀರೆ ಹೊರೆ ತಗೊಂಡು ಮದುರೆಗೆ ಹೊರಟರು.

ಗುರುವಾರ ಬೆಳಿಗ್ಗೆ ಬೀದಿಯವರೆಲ್ಲ ಹಾಸು, ಅಂದ್ರೆ ಮಗ್ಗಕ್ಕೆ ಏರಿಸೋ ಉದ್ದನೂಲು, ಎಳೆದು ಕಟ್ಟಿ ಗಂಜಿ ಹಚ್ಚುತ್ತಿದ್ದಾಗ ಅಂಚೆಯವನು ಒಂದು ಕಾರ್ಡು ತಂದ. ಬ್ಯಾಂಕಿನ ಏಜೆಂಟರದು (ಆಗ ಮ್ಯಾನೇಜರಿಗೆ ಹಾಗನ್ನೋರು), ತಮಿಳಿನಲ್ಲಿ. ‘ನಿಮ್ಮ ಚೆಕ್ಕು ಬಂದಿದೆ. ತೆಗೆಯಬಹುದಾದ ಹಣ ತೊಂಬತ್ತು ಮಾತ್ರ. ಗುರುವಾರ ಎರಡು ಗಂಟೆಯೊಳಗೆ ಏರ್ಪಾಟು ಮಾಡದಿದ್ದರೆ ಚೆಕ್ಕು ವಾಪಸ್ಸು.’ ಮನಸ್ಸಿನಲ್ಲೇ ಓದಿಕೊಳ್ಳೋಣ ಅಂದರೆ ಅಂಚೆಯವನು ಅಷ್ಟರಲ್ಲಿ ಬೀದಿಗೆಲ್ಲ ಓದಿ ಹೇಳಿ ಆಗಿತ್ತು, ಪುಣ್ಯಾತ್ಮ.

ಚೆಕ್ಕು ವಾಪಸ್ಸಾದರೆ ನೂಲಿನ ಅಂಗಡಿಯವನು ದೀಪಾವಳಿಯವರೆಗೆ ಒಂದು ಕಟ್ಟು ನೂಲೂ ಕೊಡೋದಿಲ್ಲ. ಆರು ಮಗ್ಗ ನಿಲ್ಲುತ್ತೆ. ನನ್ನ ಓದಿನಿಂದ. ಇನ್ನು ಈ ಮನೇಲಿ ನನ್ನ ಮಾತನ್ನು ನಾಯಿಯೂ ಕೇಳೋದಿಲ್ಲ ಅನ್ನಿಸಿತು.

ಅತ್ತೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ವಾಸಿಯಾಗಿತ್ತು. ‘ಸೀರೆ ಬದಲಾಯಿಸು, ಬಸ್ಸಿಗೆ ಹೋಗೋಣ’ ಅಂದರು ಅಷ್ಟೇ.

ಬ್ಯಾಂಕಿನೊಳಗೆ ಇಬ್ಬರು ಹೆಂಗಸರು ಕಾಲಿಟ್ಟಾಗ ಗುಮಾಸ್ತರೆಲ್ಲ ಬರೆಯೋದು ಬಿಟ್ಟು ಬಾಯಿ ತೆರೆದು ಕೂತರು. ಏಜೆಂಟರು ಬೋಳುತಲೆಯ ದಪ್ಪ ಮನುಷ್ಯ. ತಮಿಳಿನಲ್ಲಿ, ಕೂತ್ಕೊಳ್ಳಿ ಅಂದರು. ಅತ್ತೆ ಕೂರಲಿಲ್ಲ. ನನ್ನ ಕಡೆ ತಿರುಗಿ ನಮ್ಮ ಭಾಷೇಲಿ, ‘ಈ ಬೋಳುಮಂಡೆ ನಮ್ಮ ಮುನ್ನೂರು ನುಂಗಿ ನೀರು ಕುಡಿದವನೆ, ಮುಖ ನೋಡು ಹೆಂಗೆ ಮಿರಿಮಿರಿ ಅಂತದೆ’ ಅಂದರು.

‘ನುಂಗಿಲ್ಲ ತಾಯಿ, ನಿಮ್ಮ ದುಡ್ಡು ಇನ್ನೂ ನನ್ನ ಬಾಯಿಗೇ ಬಂದಿಲ್ಲ’ ಅಂದರು ಏಜೆಂಟರು, ಅಚ್ಚ ಮೈಸೂರು ಕನ್ನಡದಲ್ಲಿ!

ಅತ್ತೆ ದೊಪ್ಪನೆ ಕೂತರು, ಪಕ್ಕದಲ್ಲಿ ನಾನೂ ಕೂತೆ. ನನಗೆ ಆ ಭಯದಲ್ಲೂ ನಗು ಉಕ್ಕಿ ಬಂತು, ಸೆರಗು ಬಾಯಿಗೆ ತುರುಕಿಕೊಂಡೆ.

ಅವರು ನಿಧಾನವಾಗಿ ಬಿಡಿಸಿ ಹೇಳಿದರು. ಚೆಕ್ಕು ಹಾಕಿದ ದಿನ ಪುಸ್ತಕದಲ್ಲಿ ಬರೆಯುತ್ತಾರಂತೆ. ಆದರೆ ಅದು ಮದುರೆಗೆ ಹೋಗಿ, ಅಲ್ಲಿನ ಬ್ಯಾಂಕು ಸಾಹುಕಾರರ ಲೆಕ್ಕದಿಂದ ಕೊಟ್ಟ ಮೇಲೇ ದುಡ್ಡು ನಮ್ಮದು. ನಾನು ಓದಲಾರದೆ ಬಿಟ್ಟ ಆ ಸಣ್ಣ ಬರಹ ಹೇಳುತ್ತಿದ್ದದ್ದೂ ಅದನ್ನೇ. ‘ಮಾಮೂಲಿಯಾಗಿ ನಾಲ್ಕು ದಿನ. ನಿಮ್ಮ ಚೆಕ್ಕಿನಲ್ಲಿ ಸಹಿ ಅರಿಶಿನದಲ್ಲಿ ಮುಳುಗಿಹೋಗಿದೆ. ಮದುರೆಯವರು ಇದು ಸಾಹುಕಾರರದೇ ಸಹಿಯಾ ಅಂತ ವಿಚಾರಿಸ್ತಿದ್ದಾರೆ. ಇನ್ನೂ ಎಂಟು ದಿನ ಬೇಕು.’

ಅತ್ತೆ ಯೋಚನೆ ಮಾಡಿದರು. ‘ಅಂದ್ರೆ ಹಾಸು ಕಟ್ಟಿ ಆಯ್ತು, ಗಂಜಿ ಹಚ್ಚಿ ಆಯ್ತು, ಬೀದೀಲಿ ಎಲ್ಲರ ಕಣ್ಣಿಗೂ ಕಾಣ್ತದೆ. ಒಣಗಿಲ್ಲ. ಹಸೀದು ಮಗ್ಗಕ್ಕೆ ಏರಿಸಿದ್ರೆ ಎಳೆ ಎಲ್ಲ ಅಂಟಿಕೊಂಡು ಹರಿದುಹೋಯ್ತದೆ.’

ಏಜೆಂಟರು ಮೇಜು ಕುಟ್ಟಿ ನಕ್ಕರು. ‘ಎಷ್ಟು ಜನಕ್ಕೆ ಎಷ್ಟು ವರ್ಷದಿಂದ ಹೇಳ್ತಿದ್ದೀನಿ ತಾಯಿ, ಇಷ್ಟು ಚೆನ್ನಾಗಿ ಹೇಳೋದು ನನಗೇ ಗೊತ್ತಿರಲಿಲ್ಲ!’ ಆಮೇಲೆ ದಾರಿಯನ್ನೂ ಹೇಳಿದರು. ತೊಂಬತ್ತು ನಮ್ಮದು, ಕಮ್ಮಿ ಬಿದ್ದ ಇನ್ನೂರ ಹತ್ತು ಬ್ಯಾಂಕು ಕೈಯಿಂದ ಹಾಕುತ್ತೆ. ಮದುರೆ ದುಡ್ಡು ಬಂದ ದಿನ ಹಿಡಿದುಕೊಳ್ಳುತ್ತೆ. ಅದಕ್ಕೆ ಓವರ್‌ಡ್ರಾಫ್ಟ್ ಅಂತ ಹೆಸರು. ಒಂದಿಷ್ಟು ಬಡ್ಡಿ ಬೀಳುತ್ತೆ.

ಬಡ್ಡಿ ಅನ್ನೋ ಮಾತು ಕಿವಿಗೆ ಬಿದ್ದದ್ದೇ ತಡ, ಅತ್ತೆ ಎದ್ದು ನಿಂತರು. ‘ಸಾಲವಾ? ಬೇಡ. ಏಳು ಅಮ್ಮಣಿ. ಮಗ್ಗ ನಿಂತ್ರೆ ನಿಲ್ಲಲಿ. ನಿನ್ನ ಮಾವನೋರ ಸಾಲ ತೀರಿಸಿದ ದಿನ ಇನ್ನು ಸಾಲ ಮಾಡಲ್ಲ ಅಂತ ಆಣೆ ಇಟ್ಟಿದ್ದೀನಿ.’ ಅವರು ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ತುಂಬ ಸಂಕಟವಾಯಿತು. ಸುಮ್ಮನೆ ಅವರ ಹಿಂದೆ ನಡೆದುಬಿಟ್ಟರೆ ಆಗುತ್ತಿತ್ತು. ಆದರೆ ನನಗೂ ಕೋಪ ಮೂಗಿನ ತುದೀಲೇ ಇರೋದು. ಗಂಡಸರ ಮುಂದೆ ಅಲ್ಲಿಯವರೆಗೆ ಬಾಯಿ ಬಿಡದ ನಾನು ಕೇಳಿದೆ: ‘ಎಂಟು ದಿನಕ್ಕೆ ಬಡ್ಡಿ ಎಷ್ಟು ಸ್ವಾಮಿ?’

ಅವರು ಕಾಗದದ ಮೇಲೆ ಲೆಕ್ಕ ಹಾಕಿ, ‘ಹತ್ತತ್ರ ಆರಾಣೆ’ ಅಂದರು.

‘ಅತ್ತೆ, ನಮ್ಮ ಒಂದು ಮಗ್ಗ ಒಂದು ದಿನ ನಿಂತ್ರೆ ಎಷ್ಟು ನಷ್ಟ?’

‘ಎಂಟಾಣೆ.’

‘ಇಲ್ಲಿ ಎಂಟು ದಿನಕ್ಕೆ, ಆರು ಮಗ್ಗಕ್ಕೂ ಸೇರಿ ಆರಾಣೆ ಕೇಳ್ತವ್ರೆ. ನಮ್ಮ ದುಡ್ಡು ದಾರೀಲಿದೆ. ಇಲ್ಲದ್ದನ್ನು ತಿಂದು ಮಾಡಿದ ಸಾಲ ಅಲ್ಲ ಇದು. ನೀವು ಹೂಂ ಅನ್ನದಿದ್ರೆ ನಾನು ಇಲ್ಲಿಂದ ಏಳೋದಿಲ್ಲ.’

ಗುಮಾಸ್ತರೆಲ್ಲ ಕಿವಿ ನಿಮಿರಿಸಿಕೊಂಡಿದ್ದರು. ಅತ್ತೆ ನನ್ನನ್ನು ನುಂಗುವ ಹಾಗೆ ನೋಡಿದರು. ಆಮೇಲೆ ಸೊಂಟದ ಸುರುಕು ಚೀಲದ ದಾರ ಬಿಚ್ಚಿ, ಆರು ಒಂದಾಣೆ ನಾಣ್ಯ ಮೇಜಿನ ಮೇಲೆ ಸಾಲಾಗಿ ಇಟ್ಟರು. ಬಡ್ಡಿ ಮುಂಗಡ ತಗೊಳ್ಳೋ ಪದ್ಧತಿ ಇಲ್ಲ ತಾಯಿ ಅಂತ ಏಜೆಂಟರು ಎಷ್ಟು ಬೇಡಿಕೊಂಡರೂ ಕೇಳಲಿಲ್ಲ. ‘ನಾಳೆಗೆ ನನ್ನ ತಲೆ ಮೇಲೆ ಏನೂ ಇರಬಾರದು. ರಸೀತಿ ಕೊಡಿ.’ ಪಾಪ, ಕೊಟ್ಟರು. ಎರಡು ಗಂಟೆಗೆ ಮೊದಲೇ ನಮ್ಮ ಚೆಕ್ಕು ಪಾಸಾಯಿತು.

ಬಸ್ಸಿಂದ ಊರಲ್ಲಿಳಿದರೆ ಇಡೀ ಬೀದಿ ನಮಗೇ ಕಾದಿತ್ತು. ‘ಏನಾಯ್ತಕ್ಕ? ನಿಮ್ಮ ಸೊಸೆ ತಪ್ಪು ಓದಿದ್ಲಂತಲ್ಲ?’ ಅಂತ ಎದುರು ಮನೆಯಾಕೆ ಶುರುಮಾಡಿದಳು. ಸರಿ, ಇವತ್ತಿಗೆ ನನ್ನ ಮಾನ ಹರಾಜು ಅಂದುಕೊಂಡು ತಲೆ ತಗ್ಗಿಸಿದೆ.

‘ಅವಳು ಇದ್ದದ್ದನ್ನ ಇದ್ದಹಾಗೇ ಓದಿದಳು,’ ಅಂದರು ಅತ್ತೆ. ‘ಚೆಕ್ಕಿಗೆ ಅರಿಶಿನ ಬಳಿದ ತಪ್ಪು ನಂದು. ಅಲ್ಲಿ ನಾನು ಹೆದರಿ ಎದ್ದು ಬರ್ತಿದ್ದೆ. ಇವಳು ಕೂರಿಸಿದಳು.’

ಯಾರ ಮುಂದೆಯೂ ತಪ್ಪು ನಂದು ಅನ್ನದ ಹೆಂಗಸು, ಇಡೀ ಬೀದಿಗೆ ಕೇಳೋ ಹಾಗೆ ಅಂದರು. ನಾನು ಒಳಗೆ ಓಡಿಹೋಗಿ ಒಲೆ ಮುಂದೆ ಕೂತು ಅತ್ತುಬಿಟ್ಟೆ, ಅಳ್ತಾ ಅಳ್ತಾ ನಗುವೂ ಬಂತು. ಹಿಂದೆಯೇ ಬಂದ ಅತ್ತೆ, ‘ಅತ್ತಿದ್ದು ಸಾಕು, ಹಸಿವಾಗ್ತದೆ’ ಅಂತ ನನ್ನ ಪಕ್ಕದಲ್ಲೇ ಕೂತುಬಿಟ್ಟರು.