ಜಡೆ ಬಿಚ್ಚುವ ಹೆಜ್ಜೆ

ಕೋಲಾಟ ಕಲಿಸುತ್ತೇನೆಂದು ನಾನು ಹೊರಟಾಗ ನನಗೇ ಕೋಲಾಟ ಬರುತ್ತಿರಲಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ಬರುತ್ತಿದ್ದದ್ದು ನನ್ನ ಅತ್ತೆಯವರಿಗೆ. ನನ್ನ ಹತ್ತಿರ ಇದ್ದದ್ದು ಒಂದು ಫೋನು, ಒಂದು ಉದ್ದನೆಯ ನೋಟ್‌ಬುಕ್ಕು, ಮತ್ತೆ ಹಿಡಿದದ್ದನ್ನು ಬಿಡದ ಹಾಳು ಹುರುಪು.

ನನ್ನ ಬ್ಯಾಂಕಿನ ವರ್ಗಾವಣೆಯ ಮೇಲೆ ತುಮಕೂರಿನ ಕಡೆಯಿಂದ ವಿಶಾಖಪಟ್ಟಣಕ್ಕೆ ಬಂದು ಎಂವಿಪಿ ಕಾಲೋನಿಯಲ್ಲಿ ಮನೆ ಮಾಡಿದ್ದೆವು. ಒಂದು ಭಾನುವಾರ ಅತ್ತೆ ಅವರೆಕಾಯಿ ಬಿಡಿಸುತ್ತಾ ಏನೋ ಗುನುಗುತ್ತಿದ್ದರು. ಬೆರಳು ಮೊರದ ಅಂಚಿಗೆ ತಾಳ ಹಾಕುತ್ತಿತ್ತು.

"ಏನತ್ತೆ ಅದು?" ಎಂದೆ.

"ಜಡೆ ಕೋಲಾಟದ ಪದ ಕಣೆ. ನಮ್ಮೂರಾಗೆ ಹಾಡ್ತಿದ್ವಿ."

ನಾನು ಕೈಲಿದ್ದ ಪೊರಕೆಯನ್ನು ಅಲ್ಲೇ ಬಿಸಾಕಿ ಅವರ ಮುಂದೆ ಕುಳಿತೆ. ಮರದ ಕೊಂಬೆಗೆ ಎಂಟು ಹಗ್ಗ ಕಟ್ಟುವುದು, ಒಬ್ಬೊಬ್ಬರು ಎಡಗೈಯಲ್ಲಿ ಒಂದೊಂದು ಹಗ್ಗ, ಬಲಗೈಯಲ್ಲಿ ಕೋಲು ಹಿಡಿಯುವುದು. ನಾಲ್ವರು ಹೀಗೆ, ನಾಲ್ವರು ಹಾಗೆ, ಎದುರಿಗೆ ಬಂದವರ ಕೋಲಿಗೆ ಕೋಲು ಕೊಡುತ್ತಾ, ಒಮ್ಮೆ ಒಳಗಿನಿಂದ ಒಮ್ಮೆ ಹೊರಗಿನಿಂದ ದಾಟುತ್ತಾ ಹೋದರೆ ಮೇಲೆ ಹಗ್ಗಗಳೆಲ್ಲ ಸೇರಿ ಹೆಣ್ಣುಮಗಳ ಜಡೆಯಂತೆ ಹೆಣೆದುಕೊಳ್ಳುತ್ತವೆ. ಆಮೇಲೆ ಎಲ್ಲರೂ ಒಟ್ಟಿಗೆ ತಿರುಗಿ, ಬಂದ ಹೆಜ್ಜೆಯನ್ನೇ ಹಿಂದಕ್ಕೆ ಹಾಕಬೇಕು. ಆಗ ಜಡೆ ಬಿಚ್ಚಿಕೊಳ್ಳುತ್ತದೆ. ಎಂಟರಲ್ಲಿ ಒಬ್ಬರು ತಪ್ಪಿದರೂ ಗಂಟು.

"ಅಯ್ಯೋ, ಇಷ್ಟು ದಿನ ಯಾಕೆ ಹೇಳಲಿಲ್ಲ ನೀವು?" ಎಂದು ರೇಗಿದೆ. ನನಗೆ ಸಂತೋಷವಾದರೂ ಬರುವುದು ಸಿಟ್ಟೇ.

ಅತ್ತೆ ಕೈಲಿದ್ದ ಅವರೆಕಾಯಿ ಬಿಡಿಸಿ ಕಾಳನ್ನು ಮೊರಕ್ಕೆ ಹಾಕಿದರು. ಆಮೇಲೆ ಹೇಳಿದರು. ಮದುವೆಯಾಗಿ ಗಂಡನ ಊರಿಗೆ ಹೋದ ವರ್ಷ ಅಲ್ಲಿನ ಆಟದಲ್ಲಿ ಒಬ್ಬಳಿಗೆ ಜ್ವರ ಬಂತಂತೆ. ಹೊಸ ಸೊಸೆ "ನಂಗೆ ಬತ್ತದೆ" ಎಂದು ಜಂಬದಿಂದ ಹಗ್ಗ ಹಿಡಿದಳಂತೆ. ಹೆಣೆದದ್ದು ಸರಿಯಾಗಿಯೇ ಆಯಿತು. ಬಿಚ್ಚಲು ತಿರುಗಿದಾಗ ಪಕ್ಕದಲ್ಲಿದ್ದ ನಾದಿನಿಗೆ ಡಿಕ್ಕಿ ಹೊಡೆದು, ಹಗ್ಗ ಸಿಕ್ಕಿಕೊಂಡು, ಕೊನೆಗೆ ಊರವರ ಮುಂದೆ ಜಡೆಯನ್ನು ಕುಡುಗೋಲಿನಿಂದ ಕತ್ತರಿಸಬೇಕಾಯಿತು. ಸೊಸೆಯ ಕಾಲ್ಗುಣ ಎಂದರು ಅವರತ್ತೆ. ಮುಂದೆ ಮನೆಯಲ್ಲಿ ಹಸು ಸತ್ತರೂ ಅದೇ ಕಾಲ್ಗುಣ, ಬಾವಿ ಬತ್ತಿದರೂ ಅದೇ ಕಾಲ್ಗುಣ. ಅತ್ತೆ ಮತ್ತೆ ಕೋಲು ಮುಟ್ಟಲಿಲ್ಲ.

"ನನ್ನ ಕಾಲೇ ಸರಿ ಇಲ್ಲ ಕಣೆ," ಎಂದರು, ಎಪ್ಪತ್ತು ದಾಟಿದ ಹೆಂಗಸು, ನಿನ್ನೆ ಆದದ್ದನ್ನು ಹೇಳುವವರಂತೆ. "ಸಾಯೋದ್ರೊಳಗೆ ಒಂದ್ ಸಲ ನನ್ ಕೈಲಿ ಜಡೆ ಬಿಚ್ಕಂಡ್ರೆ ಸಾಕಿತ್ತು."

ನನ್ನ ಮೈ ಉರಿದುಹೋಯಿತು. ಸತ್ತು ಸ್ವರ್ಗದಲ್ಲಿರುವ ಆ ಅಜ್ಜಿಯ ಜೊತೆ ಈಗ ಜಗಳ ಆಡುವುದಾದರೂ ಹೇಗೆ? ಜಡೆ ಬಿಚ್ಚಿಸಿಯೇ ಸೈ ಎಂದು ಅವತ್ತೇ ತೀರ್ಮಾನಿಸಿದೆ.

ಮರುದಿನದಿಂದಲೇ ದಾಖಲಾತಿ ಶುರು. ನನ್ನ ಫೋನು ಒಮ್ಮೆ ಬಿದ್ದು ಹಿಂದಿನ ಕ್ಯಾಮೆರಾ ಮಂಜುಮಂಜಾಗಿತ್ತು. ಅದಕ್ಕೇ ಮುಂದಿನ ಸೆಲ್ಫಿ ಕ್ಯಾಮೆರಾ ಆನ್ ಮಾಡಿ, ಪರದೆ ಅತ್ತೆಯ ಕಡೆಗಿರುವಂತೆ ಫೋನನ್ನು ಷೋಕೇಸಿನ ಮೇಲೆ ನಿಲ್ಲಿಸಿದೆ. ಅವರಿಗೋ ಖುಷಿಯೋ ಖುಷಿ. ತಮ್ಮನ್ನೇ ನೋಡಿಕೊಂಡು ಸೆರಗು ಸರಿಮಾಡಿಕೊಂಡು, ಲಟ್ಟಣಿಗೆಯನ್ನೇ ಕೋಲು ಮಾಡಿಕೊಂಡು ಹೆಣೆಯುವ ಹೆಜ್ಜೆ, ಬಿಚ್ಚುವ ಹೆಜ್ಜೆ ಎರಡನ್ನೂ ಹಾಕಿ ತೋರಿಸಿದರು. ನಾನು ವಿಡಿಯೋ ನಿಲ್ಲಿಸಿ ನಿಲ್ಲಿಸಿ ನೋಡಿ, ಒಂದೊಂದು ಹೆಜ್ಜೆಯನ್ನೂ ನೋಟ್‌ಬುಕ್ಕಿನಲ್ಲಿ ಬರೆದೆ. ಕೆಂಪು ಶಾಯಿಯಲ್ಲಿ "ಬಿಚ್ಚುವಾಗ ಎಲ್ಲರೂ ಎಡಕ್ಕೆ ತಿರುಗಿ" ಎಂದು ಬರೆದು ಎರಡೆರಡು ಗೆರೆ ಎಳೆದೆ. ಆಹಾ, ಎಂಥ ಅಚ್ಚುಕಟ್ಟು!

ಎಂಟು ಜನ ಸೇರುವುದು ಕಷ್ಟವಾಗಲಿಲ್ಲ. ಮಧುರವಾಡದ ಐಟಿ ಆಫೀಸುಗಳ ನಾಲ್ವರು ಹುಡುಗಿಯರು, ದುವ್ವಾಡದ ಔಷಧ ಕಂಪನಿಯಲ್ಲಿ ಕೆಲಸ ಮಾಡುವ ಹಾಸನದ ಹುಡುಗಿ, ನಮ್ಮ ಬ್ಯಾಂಕಿನ ಕ್ಯಾಷಿಯರಮ್ಮ, ನಮ್ಮ ಕೆಳಗಿನ ಮನೆಯ ತೆಲುಗು ಟೀಚರ್, ಮತ್ತೆ ನಾನು. ಪದವನ್ನು ಅರ್ಧ ಜನಕ್ಕೆ ತೆಲುಗು ಅಕ್ಷರದಲ್ಲಿ ಬರೆದುಕೊಟ್ಟೆ. ಹಳೆಯ ಸೀರೆಗಳನ್ನು ಸೀಳಿ ಹಗ್ಗ ಹೊಸೆದೆವು. ಮಧುರವಾಡದ ಒಂದು ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಭಾನುವಾರ ಭಾನುವಾರ ಅಭ್ಯಾಸ. ಎರಡು ತಿಂಗಳಲ್ಲಿ ನಾವು ಹೆಣೆದದ್ದೇನು, ಬಿಚ್ಚಿದ್ದೇನು! ವಾಚ್‌ಮನ್ ಕೂಡ ಗೇಟು ಬಿಟ್ಟು ಬಂದು ನೋಡುತ್ತಿದ್ದ.

ಅತ್ತೆಯೂ ಬಂದು ಕುರ್ಚಿಯಲ್ಲಿ ಕುಳಿತು ಪದ ಹೇಳುತ್ತಿದ್ದರು. ಹೆಣೆಯುವವರೆಗೂ ಕಣ್ಣು ಅಗಲಿಸಿ ನೋಡುವರು. ಬಿಚ್ಚುವ ಹೊತ್ತಿಗೆ ಮುಖಕ್ಕೆ ಸೆರಗು ಮುಚ್ಚಿಕೊಂಡುಬಿಡುವರು. "ನಾನು ನೋಡಿದ್ರೆ ಗಂಟಾಯ್ತದೆ," ಎಂದು ಸೆರಗಿನ ಒಳಗಿನಿಂದಲೇ ಹೇಳುವರು. ಬೈದೆ, ಬೇಡಿಕೊಂಡೆ, ಜಪ್ಪಯ್ಯ ಎಂದರೂ ನೋಡಲಿಲ್ಲ.

ಅಷ್ಟರಲ್ಲಿ ವಿಜಯವಾಡದಿಂದ ಕರೆ ಬಂತು. ಶಾಲೆಯ ಮಕ್ಕಳಿಗೆ ಊರಿನ ಕಲೆಗಳನ್ನು ಕಲಿಸುವವರ ಒಂದು ಕೂಟ. ಒಂದು ಕಾಲೇಜಿನ ಅಂಗಳದಲ್ಲಿ, ಸಂಜೆ ನಾಲ್ಕಕ್ಕೆ ನಮ್ಮದು. ನನಗೆ ವಾರವೆಲ್ಲ ಊಟ ಸೇರಲಿಲ್ಲ, ಅಷ್ಟು ಹಿಗ್ಗು. ಹಿಂದಿನ ದಿನವೇ ಅತ್ತೆಯನ್ನೂ ಕರೆದುಕೊಂಡು ಹೊರಟೆವು. ರೈಲಿನಲ್ಲಿ ಪದವೇ ಪದ. ದುವ್ವಾಡದಲ್ಲಿ ಹತ್ತಿದ ಹಾಸನದ ಹುಡುಗಿ ಸೀಟಿನ ಮಧ್ಯದ ಜಾಗದಲ್ಲೇ ಹೆಜ್ಜೆ ಹಾಕಿ ಟಿಕೆಟ್ ನೋಡುವವರಿಂದ ಬೈಸಿಕೊಂಡಳು. ವಿಜಯವಾಡ ಸ್ಟೇಷನ್ನಿನ ಮೆಟ್ಟಿಲಿಳಿಯುವಾಗಲೂ ಅದೇ ಕುಣಿತ. ಕೊನೆಯ ಮೆಟ್ಟಿಲಲ್ಲಿ ಕಾಲು ಉಳುಕಿಸಿಕೊಂಡು ದೊಪ್ಪನೆ ಕುಳಿತಳು.

ಬೆಳಗಾಗುವಷ್ಟರಲ್ಲಿ ಕಾಲಿನ ಗಿಣ್ಣು ಬೋಂಡಾದಂತೆ ಊದಿತ್ತು. ಎಂಟು ಹಗ್ಗಕ್ಕೆ ಏಳು ಜನ. ಕಾಲೇಜಿನ ಅಂಗಳದಲ್ಲಿ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿ, ಆಮೇಲೆ ಒಟ್ಟಿಗೆ ಅತ್ತೆಯ ಮುಖ ನೋಡಿದೆವು.

"ಆಗಾಕಿಲ್ಲ," ಎಂದರು ಅತ್ತೆ. "ನನ್ ಕಾಲ್ಗುಣ ಗೊತ್ತಿದ್ದೂ ಕೇಳ್ತೀಯಲ್ಲ ನೀನು."

"ಕಾಲ್ಗುಣ ಮಣ್ಣಾಗಲಿ! ಜಡೆ ಬಿಚ್ಚಬೇಕು ಅಂತ ಆಸೆಪಟ್ಟವರು ನೀವೋ ನಾನೋ?" ಎಂದು ಕೂಗಿಯೇಬಿಟ್ಟೆ. ನಮ್ಮಂತೆಯೇ ಕೂಟಕ್ಕೆ ಬಂದು ಪಕ್ಕದಲ್ಲಿ ಮರದ ಬೊಂಬೆಗೆ ಬಣ್ಣ ಬಳಿಯುತ್ತಾ ಕುಳಿತಿದ್ದ ಕೊಂಡಪಲ್ಲಿಯ ಕುಶಲಕರ್ಮಿ ಕುಂಚ ಎತ್ತಿ ನೋಡಿದರು. ಅತ್ತೆ ನನ್ನನ್ನು ದುರುದುರು ನೋಡಿ, ಚಪ್ಪಲಿ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿದರು.

ಅಂಗಳದ ಬೇವಿನ ಕೊಂಬೆಗೆ ಹಗ್ಗ ಕಟ್ಟಿ ಒಂದು ಸಲ ಅಭ್ಯಾಸಕ್ಕೆ ನಿಂತೆವು. ಹಾಸನದ ಹುಡುಗಿ ಕುರ್ಚಿಯಲ್ಲಿ ಕುಳಿತು ಪದ ಎತ್ತಿಕೊಂಡಳು. ಎದುರಿಗೆ ಬಂದವರ ಕೋಲಿಗೆ ಕೋಲು ಕೊಡುತ್ತಾ ಅತ್ತೆ ಹೆಣೆದ ಚೆಂದವೇ ಚೆಂದ. ನಾವೆಲ್ಲ ಅವರ ಮುಂದೆ ಮರದ ಬೊಂಬೆಗಳೇ. ಜಡೆ ಮೊಣಕೈ ಉದ್ದ ಇಳಿಯಿತು. "ತಿರುಗಿ!" ಎಂದೆ. ಏಳು ಜನ ತಿರುಗಿದೆವು. ಅತ್ತೆಯೂ ತಿರುಗಿದರು. ತಿರುಗಿದವರೇ ಟೀಚರಿಗೆ ಎದೆಗೆ ಎದೆ ಕೊಟ್ಟು ಡಿಕ್ಕಿ ಹೊಡೆದರು. ಹಿಂದಿನವರು ನಿಲ್ಲುವಷ್ಟರಲ್ಲಿ ಹಗ್ಗ ಒಂದರೊಳಗೊಂದು ಸಿಕ್ಕಿ ಬಿಗಿದುಕೊಂಡಿತು.

ಅತ್ತೆ ಹಗ್ಗ ಬಿಟ್ಟು ಬೇವಿನ ಬುಡದಲ್ಲಿ ಕುಳಿತರು. ಮುಖದಲ್ಲಿ ರಕ್ತವೇ ಇಲ್ಲ. "ನೋಡ್ದೇನೆ? ನೋಡ್ದೇನೆ?" ಎಂದು ಅದನ್ನೇ ಹೇಳುತ್ತಿದ್ದರು. ನನಗೆ ಅಳು ಬಂತು. ಅವರ ಹಳೆಯ ಗಾಯಕ್ಕೆ ನಾನೇ ಕೈಹಾಕಿ ಕೆರೆದಂತಾಗಿತ್ತು.

ಟೀಚರ್ ಮಾತ್ರ ಎದೆ ಉಜ್ಜಿಕೊಳ್ಳುತ್ತಾ, ಎಲ್ಲಿ ತಪ್ಪಿತೆಂದು ನೋಡಲು ಫೋನಿನಲ್ಲಿ ನಾನು ತೆಗೆದಿದ್ದ ಅತ್ತೆಯ ವಿಡಿಯೋ ಹಾಕಿಕೊಂಡರು. ಎರಡು ಸಲ ನೋಡಿದರು. ಆಮೇಲೆ "ಅಯ್ಯೋ, ಪೈಟ ಚೂಡಂಡಿ!" ಎಂದು ಕಿರುಚಿದರು. ಪೈಟ ಎಂದರೆ ಸೆರಗು, ಅದನ್ನು ನೋಡಿ ಎಂದು. ನೋಡಿದೆ. ವಿಡಿಯೋದಲ್ಲಿ ಅತ್ತೆಯ ಸೆರಗು ಬಲ ಭುಜದ ಮೇಲಿತ್ತು! ನನ್ನತ್ತೆ ಹುಟ್ಟಿದಾಗಿನಿಂದ ಬಲಕ್ಕೆ ಸೆರಗು ಹಾಕಿದವರಲ್ಲ. ಫೋನು ಅವರನ್ನು ಕನ್ನಡಿಯ ಹಾಗೆ ತೋರಿಸಿ, ಕನ್ನಡಿಯ ಹಾಗೇ ಉಳಿಸಿಕೊಂಡಿತ್ತು. ಅವರು ತಿರುಗಿದ್ದು ಬಲಕ್ಕೆ. ನಾನು ಕೆಂಪು ಶಾಯಿಯಲ್ಲಿ ಬರೆದು ಗೆರೆ ಎಳೆದದ್ದು ಎಡಕ್ಕೆ. ಎರಡು ತಿಂಗಳು ಏಳು ಜನಕ್ಕೆ ಕಲಿಸಿದ್ದೂ ಎಡಕ್ಕೆ. ಎಲ್ಲರೂ ಒಂದೇ ಕಡೆ ತಿರುಗುತ್ತಿದ್ದರಿಂದ ಜಡೆ ಬಿಚ್ಚಿಕೊಳ್ಳುತ್ತಿತ್ತು, ಅಷ್ಟೇ!

"ತಪ್ಪು ನಂದು ಅತ್ತೆ! ನಂದೇ!" ಎಂದು ನಾಚಿಕೆಗೆಟ್ಟು ಕುಣಿದಾಡಿದೆ. ತಪ್ಪು ಮಾಡಿ ಅಷ್ಟು ಸಂತೋಷಪಟ್ಟದ್ದು ಜೀವನದಲ್ಲಿ ಅದೇ ಮೊದಲು. ವಿಡಿಯೋ ತೋರಿಸಿ ಎಲ್ಲವನ್ನೂ ಬಿಡಿಸಿ ಹೇಳಿದೆ.

ಅತ್ತೆ ನಗಲಿಲ್ಲ. "ನಮ್ಮೂರಾಗೆ ಬಲಕ್ಕೇ ತಿರುಗ್ತಿದ್ದಿದ್ದು," ಎಂದರು.

"ನಿಮ್ಮೂರು ಅಂದರೆ ಯಾವುದು? ತವರೋ, ಮಾವನೂರೋ?"

"ತವರು." ನಿಧಾನವಾಗಿ ಎದ್ದು ನಿಂತರು. ಕೈಯಲ್ಲಿ ಇಲ್ಲದ ಹಗ್ಗವನ್ನು ಹಿಡಿದುಕೊಂಡು, ಕಣ್ಣು ಮುಚ್ಚಿ, ಬಲಕ್ಕೆ ತಿರುಗಿದರು. ಇನ್ನೊಮ್ಮೆ ತಿರುಗಿದರು. "ಅವತ್ತೂ ಹಿಂಗೇ ಎದೆಗೆ ಎದೆ ಬಂದಿದ್ದು ಕಣೆ. ನನ್ ನಾದಿನಿ ಎಡಕ್ಕೆ ತಿರುಗಿದ್ಲು. ಅವರೆಲ್ಲ ಎಡಕ್ಕೆ ತಿರುಗೋರು. ನಾನು ಅಭ್ಯಾಸಕ್ಕೇ ಹೋಗಿರ್ಲಿಲ್ಲ, ಆಟದ ದಿನಾನೇ ಹಿಡ್ಕಂಡಿದ್ದು." ಕಣ್ಣು ಬಿಟ್ಟು ನನ್ನನ್ನು ನೋಡಿದರು. "ಹಂಗಾದ್ರೆ ನನ್ ಕಾಲಿಗೇನೂ ಆಗಿರ್ಲಿಲ್ವೇನೆ?"

"ಏನೂ ಆಗಿರಲಿಲ್ಲ ಅತ್ತೆ," ಎಂದೆ.

ಆಮೇಲೆ ನೋಡಬೇಕಿತ್ತು ನಮ್ಮ ಗಡಿಬಿಡಿ! ಗಂಟನ್ನು ಉಗುರಿನಲ್ಲಿ ಬಿಡಿಸಿದ್ದಾಯಿತು. ಯಾರು ಯಾರ ಹಾಗೆ ತಿರುಗಬೇಕೆಂದು ಕೇಳುವುದಕ್ಕೂ ಮುಂಚೆ ಟೀಚರ್, "ಮೇಮೇ ಮಾರತಾಂ ಅಮ್ಮಗಾರು," ಎಂದರು. ನಾವೇ ಬದಲಾಗುತ್ತೇವೆ ಎಂದು. ಊಟವನ್ನೂ ಮಾಡದೆ ಬಲಕ್ಕೆ ತಿರುಗಿದೆವು, ಮತ್ತೆ ಬಲಕ್ಕೆ ತಿರುಗಿದೆವು. ಐಟಿ ಹುಡುಗಿಯೊಬ್ಬಳು ಬಲಗೈಗೆ ರಬ್ಬರ್ ಬ್ಯಾಂಡ್ ಹಾಕಿಕೊಂಡಳು. ಕ್ಯಾಷಿಯರಮ್ಮ ನನ್ನ ನೋಟ್‌ಬುಕ್ಕಿಗೆ ಕೊಟ್ಟ ಬೈಗುಳವನ್ನು ಇಲ್ಲಿ ಬರೆಯುವಂತಿಲ್ಲ.

ನಾಲ್ಕು ಗಂಟೆಗೆ ಅಂಗಳ ತುಂಬಿತ್ತು. ವಿಜಯವಾಡದ ಬಿಸಿಲಿಗೆ ನೆಲ ಕಾದು ಅಂಗಾಲು ಚುರುಚುರು ಎನ್ನುತ್ತಿತ್ತು. ಜಡೆ ಹೆಣೆದೆವು. ತಿರುಗುವ ಹೊತ್ತು ಬಂತು. "ತಿರುಗಿ" ಎನ್ನಬೇಕಾದ ನನಗೆ ದನಿಯೇ ಹೊರಡಲಿಲ್ಲ. "ಬಲಕ್ಕೇಏಏ!" ಎಂದು ಕೂಗಿದವರು ಅತ್ತೆ. ಎಂಟೂ ಜನ ತಿರುಗಿದೆವು. ಒಂದು ದಾಟು, ಎರಡು ದಾಟು, ಮೂರು. ಹಗ್ಗ ಸಡಿಲವಾಯಿತು. ಅತ್ತೆ ಈ ಸಲ ಮುಖ ಮುಚ್ಚಿಕೊಳ್ಳಲಿಲ್ಲ, ಕತ್ತು ಮೇಲೆತ್ತಿ ಜಡೆಯನ್ನೇ ನೋಡುತ್ತಾ ಹೆಜ್ಜೆ ಹಾಕಿದರು. ಕೊನೆಯ ಎಳೆ ಬಿಚ್ಚಿಕೊಂಡು ಎಂಟು ಹಗ್ಗವೂ ಬೇರೆಬೇರೆಯಾದಾಗ ಚಪ್ಪಾಳೆ ಬಿತ್ತು. ನಾನು ಗೊಳೋ ಎಂದು ಅತ್ತುಬಿಟ್ಟೆ.

ಅತ್ತೆಗೆ ಕೈಕಾಲು ತೊಳೆಯಲೂ ಪುರಸೊತ್ತಿರಲಿಲ್ಲ. "ಫೋನ್ ಹಾಕೆ ಅವಳಿಗೆ," ಎಂದರು. ಅವಳೆಂದರೆ ಅವತ್ತು ಪಕ್ಕದಲ್ಲಿದ್ದ ನಾದಿನಿ, ಈಗ ಆಕೆಯೂ ಮುದುಕಿ, ಊರಿನಲ್ಲೇ ಇದ್ದಾರೆ. ಅತ್ತೆ ಎಂದಿನಂತೆ ಫೋನನ್ನು ಮುಖದ ಮುಂದೆ ಹಿಡಿದು ಸ್ಪೀಕರಿನಲ್ಲೇ ಕೂಗಿದರು: "ಜಡೆ ಬಿಚ್ಕಂತು ಕಣೆ! ನಾನು ಬಲಕ್ಕೆ ತಿರುಗೋಳು, ನೀವು ಎಡಕ್ಕೆ ತಿರುಗೋರು. ಅಷ್ಟೇ ಕಣೆ ಅವತ್ತು ಆಗಿದ್ದು!"

"ನಂಗೊತ್ತಿತ್ತು ಅತ್ತಿಗೆ," ಎಂದಿತು ಆ ಕಡೆಯ ದನಿ. "ನೀನು ಬಲಕ್ಕೆ ತಿರುಗಿದ್ದು ಅವತ್ತೇ ನೋಡ್ದೆ. ಅವ್ವ ಕಾಲ್ಗುಣ ಅಂದ್ಬುಟ್ಲಲ್ಲ, ಎದುರು ಹೇಳಾಕೆ ನಂಗೆ ಬಾಯಿ ಬರ್ಲಿಲ್ಲ. ಆಮೇಲೆ ಹೇಳಾಕೆ ಮುಖ ಇರ್ಲಿಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. ಫೋನು ಕಿತ್ತುಕೊಂಡು ನಾಲ್ಕು ಮಾತು ಆಡಲು ಕೈ ಚಾಚಿದೆ. ಅತ್ತೆ ನನ್ನ ಕೈಯನ್ನು ಪಟ್ಟನೆ ಹೊಡೆದು ಆ ಕಡೆ ತಿರುಗಿ ನಿಂತರು. ಬೆನ್ನು ಅಲುಗುತ್ತಿತ್ತು. ಅಳುತ್ತಿದ್ದರು. ಸೆರಗಿನಲ್ಲಿ ಮೂಗು ಒರೆಸಿಕೊಂಡು ಗಂಟಲು ಸರಿಮಾಡಿಕೊಂಡರು.

"ಇಲ್ಲೊಬ್ಳು ಹುಡುಗಿ ಕಾಲು ಉಳುಕಿಸ್ಕಂಡವ್ಳೆ, ಎಂಟಕ್ಕೆ ಒಬ್ಳು ಕಮ್ಮಿ," ಎಂದರು. "ವಿಶಾಖಪಟ್ಟಣಕ್ಕೆ ಬಾ. ಬಲಕ್ಕೆ ತಿರುಗೋದು ನಾನು ಹೇಳ್ಕೊಡ್ತೀನಿ."