ಹೆರಾಲ್ಡರ ಮೊಟ್ಟೆ ಕೋಟೆ

ಗಲ್ಫಿನ ಸೀಬ್ ಊರಿನ ನಮ್ಮ ಕಟ್ಟಡದಲ್ಲಿ ಕೆಳಗಿನ ಮಹಡಿಯ ಹೆರಾಲ್ಡರ ಧ್ವನಿ ಕೇಳದ ಕನ್ನಡಿಗರು ಈ ಕಡೆ ಇರಲಾರರು. ಅವರ ಮಾತು ಕೇಳಿದವರು ಮಾತ್ರ ಸಿಗುವುದು ಕಷ್ಟ. ನಮ್ಮ ಕನ್ನಡ ಬಳಗದ ಪ್ರತಿ ಸಮಾರಂಭವೂ ಶುರುವಾಗುವುದು ಅವರ “ಹಲೋ, ಚೆಕ್, ಚೆಕ್”ನಿಂದ. ಆಮೇಲೆ ಅವರು ಮೈಕನ್ನು ಅಧ್ಯಕ್ಷರ ಕೈಗಿತ್ತು, ಸ್ಪೀಕರಿನ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರುತ್ತಾರೆ. ಕೊನೆಗೆ ಮೈಕ್ ಆರಿಸಿ, ಬ್ಯಾಟರಿ ಬಿಚ್ಚಿ ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಾರೆ. ಅಧ್ಯಕ್ಷರು ಎಷ್ಟೋ ಸಲ ಬದಲಾಗಿದ್ದಾರೆ, ಆ ಕುರ್ಚಿ ಬದಲಾಗಿಲ್ಲ.

ಅವರು ಕರಾವಳಿಯ ಶಿರ್ವದ ಕಡೆಯವರು, ಟೈಲ್ಸ್ ಕಂಪೆನಿಯೊಂದರ ಗೋದಾಮು ನೋಡಿಕೊಳ್ಳುತ್ತಾರೆ. ನನ್ನ ಮಗಳು ಖುಷಿ ಕೂಸಾಗಿದ್ದಾಗ ತೊಟ್ಟಿಲು ಕಟ್ಟಲು ಸೂರಿಗೆ ಕೊಕ್ಕೆ ಹಾಕಿಕೊಟ್ಟವರು ಅವರೇ. ಹಾಗಾಗಿ ನಾನು ಅವರ ಬಗ್ಗೆ ನಗುವುದಿದ್ದರೆ ಬಾಗಿಲು ಹಾಕಿಕೊಂಡು ನಗುತ್ತೇನೆ.

ಹೋದ ಬೇಸಿಗೆಯಲ್ಲಿ ಅವರೂ ಹೆಂಡತಿ ಪ್ರೆಸಿಲ್ಲಾ ಆಂಟಿಯೂ ಮಗಳ ಮನೆಗೆಂದು ಇಂಗ್ಲೆಂಡಿಗೆ ಹೋದರು. ಬೇರೆಯವರು ಅಲ್ಲಿಂದ ಚಾಕೊಲೇಟ್ ತರುತ್ತಾರೆ, ಹೆರಾಲ್ಡರು ಒಂದು ಪಾಳು ಕೋಟೆ ತಂದರು. ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಅದರದೇ ಚರಿತ್ರೆ. ಲಿಫ್ಟ್ ಎರಡನೇ ಮಹಡಿಗೆ ಬರುವಷ್ಟರಲ್ಲಿ ಅದನ್ನು ಕಟ್ಟಿಸಿದ ನಾರ್ಮನ್ನರು ಇನ್ನೂ ಸಮುದ್ರ ದಾಟುತ್ತಿದ್ದರು. ಅವರು ದಡ ಸೇರಿದ್ದನ್ನು ನಮ್ಮ ಕಟ್ಟಡದಲ್ಲಿ ಯಾರೂ ಕೇಳಿದವರಿಲ್ಲ.

ಒಂದೇ ಒಂದು ಸಲ ಪೂರ್ತಿ ಹೇಳಬೇಕು, ಕೊನೆಯಲ್ಲಿ ‘ಧನ್ಯವಾದ’ ಎನ್ನಬೇಕು. ಅವರ ಆಸೆ ಅಷ್ಟೇ. ಅದಕ್ಕೆ ಅಧ್ಯಕ್ಷ ಸುಕೇಶರ ಬಳಿ ಹೋದರು.

“ಇಂಗ್ಲೆಂಡಿನ ಕೋಟೆಯಾ? ಕ್ಲಾಸ್ ಆಗ್ತದೆ ಹೆರಾಲ್ಡರೇ! ಪಿಕ್ನಿಕ್ ದಿನ ಊಟಕ್ಕೆ ಮೊದಲು ಹತ್ತು ನಿಮಿಷ ಮಾತಾಡಿ.”

“ಹತ್ತು ನಿಮಿಷದಲ್ಲಿ ಎಂತ ಹೇಳುದು ಮಾರಾಯ್ರೆ? ಒಂಬೈನೂರು ವರ್ಷ ಉಂಟು.”

“ವರ್ಷಕ್ಕೆ ಅರ್ಧ ಸೆಕೆಂಡು ಹಾಕಿ. ಖಲಾಸ್.”

ಹಿಂದೊಮ್ಮೆ ಯಾರೋ ಇಲ್ಲಿನ ಕೋಟೆಯೊಂದಕ್ಕೆ ಹೋಗಿಬರೋಣ ಎಂದಾಗ ಇದೇ ಸಮಿತಿ “ಅಲ್ಲಿ ಎಂತ ಉಂಟು, ಬರೀ ಗೋಡೆ” ಎಂದು ತಳ್ಳಿಹಾಕಿತ್ತು. ಇಂಗ್ಲೆಂಡಿನ ಕೋಟೆಗೆ ಗೋಡೆಯೂ ಇರಲಿಲ್ಲ. ಒಮ್ಮತದಿಂದ ಒಪ್ಪಿಗೆಯಾಯಿತು.

ಪಿಕ್ನಿಕ್ ಸಹಮ್ ಎಂಬ ಊರಿನ ಒಂದು ಫಾರ್ಮಿನಲ್ಲಿ. ದಾರಿಯುದ್ದಕ್ಕೂ ಕೋಟೆಗಳತ್ತ ಬಾಣ ತೋರಿಸುವ ಕಂದು ಫಲಕಗಳು ಬಂದವು, ಹೋದವು. ಬಸ್ಸಿನಲ್ಲಿ ಅಂತ್ಯಾಕ್ಷರಿ ನಡೆಯುತ್ತಿತ್ತು. ಹೆರಾಲ್ಡರು ಇಸ್ತ್ರಿ ಅಂಗಿಯಲ್ಲಿ ನೆಟ್ಟಗೆ ಕುಳಿತು, ಪೆನ್‌ಡ್ರೈವ್ ಇದೆಯೇ ಎಂದು ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಪ್ರೆಸಿಲ್ಲಾ ಆಂಟಿ ನನ್ನ ಕಿವಿಯಲ್ಲಿ, “ಮುಗಿಸ್ಲಿಕ್ಕೆ ಬಿಟ್ರೆ ಸಾಕು ದೇವರೇ. ಇಲ್ಲದ್ರೆ ಉಳಿದದ್ದು ಪುನಃ ನಂಗೇ ಹೇಳ್ತಾರೆ. ನಾನೂ ಅಲ್ಲಿಗೆ ಹೋಗಿದ್ದೆ, ಅದೂ ಇವ್ರಿಗೆ ನೆನಪಿಲ್ಲ!” ಎಂದರು.

ಫಾರ್ಮ್ ತಲುಪಿದ ಮೇಲೆ ಹೆರಾಲ್ಡರ ಮೊದಲ ಚಿತ್ರ ಪರದೆಯ ಮೇಲೆ ಬಂತು. ಹಸಿರು ಹುಲ್ಲಿನ ಒಂದು ದಿಬ್ಬ, ಎರಡು ಕುರಿ.

“ಚಂದ ಉಂಟು. ಕೋಟೆ ಎಲ್ಲಿ?” ಎಂದರು ಸುಕೇಶರ ಹೆಂಡತಿ ದಮಯಂತಿ.

“ಇದೇ.”

ಎರಡನೇ ಚಿತ್ರದಲ್ಲೂ ಅದೇ ದಿಬ್ಬ. ಕುರಿಗಳು ಮಾತ್ರ ಆಚೆ ತಿರುಗಿದ್ದವು.

“ಹೆರಾಲ್ಡರೇ, ವೀಸಾ ಮಾಡಿ ಹುಲ್ಲು ನೋಡ್ಲಿಕ್ಕೆ ಹೋದದ್ದಾ?” ಎಂದು ಹಿಂದಿನಿಂದ ಯಾರೋ ಕೂಗಿದರು.

“ಕೋಟೆ ಉಂಟು ಅಂತ ನಾನು ಹೇಳ್ಲಿಲ್ಲ, ಇತ್ತು ಅಂತ ಹೇಳಿದ್ದು. ಈ ದಿಬ್ಬಕ್ಕೆ ಅವ್ರ ಭಾಷೆಯಲ್ಲಿ ಮೊಟ್ಟೆ ಅಂತಾರೆ.”

“ಬಾಯ್ಲ್ಡಾ, ಆಮ್ಲೆಟಾ?”

ಫಾರ್ಮಿನ ತಗಡಿನ ಮಾಡು ಹಾರುವಂಥ ನಗು. ಖುಷಿಯೂ ಎದ್ದು, “ಅಂಕಲ್, ಇಟ್ಸ್ ಮಾಟ್. ನಾಟ್ ಮೊಟ್ಟೆ,” ಎಂದಳು. ನಾನು ಅವಳ ಫ್ರಾಕ್ ಹಿಡಿದೆಳೆದು ಕೂರಿಸಿದೆ.

“ಅವ್ರಿಗೆ ಮಾಟ್, ನಮ್ಗೆ ಮೊಟ್ಟೆ. ಕೆಳಗಿನ ಅಂಗಳಕ್ಕೆ ಬೈಲಿ ಅಂತಾರೆ. ಅದು ನಮ್ಮ ಬೈಲೇ ಅಲ್ವಾ?” ಎಂದ ಹೆರಾಲ್ಡರ ಮುಖದಲ್ಲಿ ಇಂಗ್ಲೆಂಡಿಗೆ ಎರಡು ಪದ ಸಾಲ ಕೊಟ್ಟ ಸಂತೋಷವಿತ್ತು.

ಅವರ ಮಾತಿನಲ್ಲಿ ದಿಬ್ಬದ ಮೇಲೆ ಮರದ ಗೋಪುರ ಎದ್ದಿತು, ಮರ ಹೋಗಿ ಕಲ್ಲು ಬಂತು. ಅಷ್ಟರಲ್ಲಿ ಗೇಟಿನ ಹತ್ತಿರ ಊಟದ ವ್ಯಾನೂ ಬಂತು. ಹೆರಾಲ್ಡರು “ಶತ್ರು ಸೈನ್ಯ ಬಾಗಿಲಿಗೆ...” ಎನ್ನುವಾಗ ಸುಕೇಶರು ಕುಳಿತಲ್ಲಿಂದಲೇ ಎಂದಿನಂತೆ ಕೈ ಬೀಸಿದರು. ಮೈಕ್ ಬಂದ್ ಮಾಡಿ ಎಂಬ ಸನ್ನೆ ಅದು. ಹೆರಾಲ್ಡರ ಬೆರಳು ಯೋಚಿಸಲಿಲ್ಲ. ಸ್ವಿಚ್ಚನ್ನು ತಾನೇ ಒತ್ತಿತು. ಬ್ಯಾಟರಿಯೂ ಬಿಚ್ಚಿ ಜೇಬು ಸೇರಿತು. ತಮ್ಮ ಭಾಷಣವನ್ನು ತಾವೇ ಆರಿಸಿದ್ದು ಅವರಿಗೆ ಹೊಳೆಯುವಷ್ಟರಲ್ಲಿ ಕುರ್ಚಿಗಳು ಖಾಲಿಯಾಗಿದ್ದವು.

ಅವರು ಪರದೆಯ ಮುಂದೆ ನಿಂತೇ ಇದ್ದರು. “ಬನ್ನಿ, ಊಟ ಮಾಡಿ,” ಎಂದು ಪ್ರೆಸಿಲ್ಲಾ ಆಂಟಿ ಕರೆದರೂ ಕದಲಲಿಲ್ಲ.

ನನಗಿದ್ದ ತೊಂದರೆ ಬೇರೆ. ಕಥೆ ಇಲ್ಲದೆ ಖುಷಿ ಬಾಯಿ ತೆರೆಯುವುದಿಲ್ಲ, ನನ್ನ ಬಳಿಯಿದ್ದ ಕಥೆಗಳೆಲ್ಲ ಮುಗಿದಿದ್ದವು. ತಟ್ಟೆ ಹಿಡಿದು ನೇರ ಅವರ ಹತ್ತಿರ ಹೋದೆ. “ಅಂಕಲ್, ಸೈನ್ಯ ಬಾಗಿಲಿಗೆ ಬಂತಲ್ಲ, ಆಮೇಲೆ? ಇವಳಿಗೆ ನಾಲ್ಕು ತುತ್ತು ಇಳಿಯುವಷ್ಟು ಹೇಳಿ.”

ಅವರು ನನ್ನನ್ನು ನೋಡಿದರು, ತಟ್ಟೆಯನ್ನು ನೋಡಿದರು. ಹೋಗಿ ದೊಡ್ಡ ಹರಿವಾಣದ ತುಂಬ ಬಿರಿಯಾನಿ ತಂದು ಚಾಪೆಯ ಮೇಲಿಟ್ಟು, ಅನ್ನವನ್ನು ಗುಡ್ಡೆ ಮಾಡಿ, ತುದಿಗೆ ಬೇಯಿಸಿದ ಮೊಟ್ಟೆ ಕೂರಿಸಿದರು. ಊಟಕ್ಕೆ ರಚ್ಚೆ ಹಿಡಿಯುವ ಮಕ್ಕಳು ನನಗೊಬ್ಬಳಿಗೇ ಇರುವುದಲ್ಲವಲ್ಲ. ನೋಡನೋಡುತ್ತ ತಾಯಂದಿರು ತಂತಮ್ಮ ಮಕ್ಕಳನ್ನು ಎಳೆದು ತಂದು ಸುತ್ತ ಕೂರಿಸಿದರು.

“ಮೊಟ್ಟೆ ಯಾವ್ದು ಅಂಕಲ್? ಮೇಲಿಂದಾ, ಕೆಳಗಿಂದಾ?”

“ಕೆಳಗಿನ ಗುಡ್ಡೆ ಮೊಟ್ಟೆ, ಮೇಲಿನ ಮೊಟ್ಟೆ ಗೋಪುರ. ಕೋಟೆಯವ್ರು ಯುದ್ಧದಲ್ಲಿ ಸೋತ್ರು. ಮೊದ್ಲು ಗೋಪುರ ಹೋಯ್ತು.” ಖುಷಿ ಗೋಪುರವನ್ನು ಬಾಯಿಗೆ ಹಾಕಿಕೊಂಡಳು. “ಮತ್ತೆ ಊರಿನವ್ರು ಬಂದ್ರು. ಕಲ್ಲು ಸುಮ್ನೆ ಬಿದ್ದಿದೆಯಲ್ಲ! ಒಬ್ಬ ಹಂದಿಗೂಡಿಗೆ ತೆಗೊಂಡ, ಒಬ್ಬ ಇಗರ್ಜಿ ಗೋಡೆಗೆ. ಯಲ್ಲಾ, ಬನ್ನಿ ಬನ್ನಿ, ನೀವೂ ತೆಗೀರಿ!”

ಮಕ್ಕಳು ಸುತ್ತಲಿಂದಲೂ ಕೋಟೆಯನ್ನು ಕೆಡವಿದರು. ಕೊನೆಗೆ ಹರಿವಾಣದಲ್ಲಿ ಉಳಿದದ್ದು ಎರಡು ಮೂಳೆ, ಒಂದು ಪಲಾವ್ ಎಲೆ.

“ನಾನು ನೋಡಿದ್ದೂ ಇಷ್ಟೇ. ಕೋಟೆ ಎಲ್ಲಿಗೂ ಹೋಗ್ಲಿಲ್ಲ, ಊರಿನವ್ರೇ ಹಂಚಿಕೊಂಡ್ರು,” ಎಂದ ಹೆರಾಲ್ಡರು ಎದ್ದು ಅಂಗಿ ಸರಿಮಾಡಿಕೊಂಡು, ದೊಡ್ಡ ಸಭೆಗೆ ಹೇಳುವಂತೆ “ಧನ್ಯವಾದ” ಎಂದರು. ಮಕ್ಕಳು ಎಣ್ಣೆಗೈಯಲ್ಲೇ ಚಪ್ಪಾಳೆ ತಟ್ಟಿದರು. ಖುಷಿಯ ಫ್ರಾಕಿನ ಕಲೆ ಇನ್ನೂ ಹೋಗಿಲ್ಲ.

ಅಷ್ಟರಲ್ಲಿ ವೇದಿಕೆಯಿಂದ ಸುಕೇಶರ ಕೂಗು ಬಂತು. “ಹೆರಾಲ್ಡರೇ, ಲಕ್ಕಿ ಡ್ರಾ ಶುರು ಮಾಡ್ಬೇಕು. ಈ ಮೈಕಿಗೆ ಎಂತ ಆಯ್ತು?”

ಹೆರಾಲ್ಡರು ಜೇಬಿನ ಬ್ಯಾಟರಿಯನ್ನು ಮೆಲ್ಲಗೆ ಮುಟ್ಟಿ ನೋಡಿಕೊಂಡರು. ಆಮೇಲೆ ತಟ್ಟೆ ತೆಗೆದುಕೊಂಡು ಊಟದ ಸಾಲಿಗೆ ನಡೆಯುತ್ತಲೇ ಹೇಳಿದರು:

“ಅದಾ? ಅದ್ರದ್ದೂ ಅವಶೇಷ ಮಾತ್ರ ಉಂಟು. ನೀವು ಸ್ವಲ್ಪ ಗಟ್ಟಿಯಾಗಿ ಹೇಳಿ, ಕೇಳ್ತದೆ.”